ರೋಬೋಟ್ ಆಪರೇಷನ್‌ಗೆ ಸಹಿ ಹಾಕುವ ಮುಂಚೆ

ಮಂಡ್ಯ, ಪಾಂಡವಪುರದ ಕಡೆಯಿಂದ ಮೈಸೂರಿನ ಆಸ್ಪತ್ರೆಗಳಿಗೆ ಬರುವವರಲ್ಲಿ ಎರಡು ಮಾತು ಕೇಳಿಬರುತ್ತದೆ: ‘ಮಿಷನ್ ಕೈಗೆ ಜೀವ ಕೊಡೋದಾ?’, ಇಲ್ಲವೇ ‘ಮಿಷನ್ ಅಂದ್ಮೇಲೆ ತಪ್ಪೋದೇ ಇಲ್ಲ’. ಎರಡೂ ಸುಳ್ಳು. ಹೊಟ್ಟೆಯ ಆಪರೇಷನ್‌ನಲ್ಲಿ ರೋಬೋಟ್ ತಾನಾಗಿ ಏನನ್ನೂ ಕುಯ್ಯುವುದಿಲ್ಲ. ಸರ್ಜನ್ ಸಾಮಾನ್ಯವಾಗಿ ಅದೇ ಕೋಣೆಯಲ್ಲಿ ಕೂತು ಕೈಯಾಡಿಸಿದಂತೆ ಯಂತ್ರದ ತೋಳುಗಳು ಆಡುತ್ತವೆ. ‘ಡಾ ವಿಂಚಿ’ ಎಂಬ ಹೆಸರಿನ ಆಪರೇಷನ್ ರೋಬೋಟ್‌ನಲ್ಲಿ ಅವರು ಪರದೆಯಿಂದ ತಲೆ ತೆಗೆದರೆ ತೋಳು ಅಲ್ಲೇ ನಿಲ್ಲುತ್ತದೆ. (ಮಂಡಿ ಚಿಪ್ಪಿನ ರೋಬೋಟ್ ಬೇರೆ, ಅದರ ಮಾತು ಇಲ್ಲಿಲ್ಲ.)

ಹಳೆಯ ಸ್ಕ್ಯಾನ್, ನುಂಗುವ ಮಾತ್ರೆಗಳ ಚೀಟಿ ಎರಡನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ.

ಮೊದಲ ಪ್ರಶ್ನೆ: ‘ನನ್ನ ಕಾಯಿಲೆಗೆ ರೋಬೋಟೇ ಯಾಕೆ?’ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್‌ನಲ್ಲಿ ಉತ್ತರ ಸುಲಭ, ಕಿರಿದಾದ ಜಾಗದ ಆಳದಲ್ಲಿ ಹೊಲಿಗೆ ಹಾಕಬೇಕು. ಪಿತ್ತಕೋಶದ ಕಲ್ಲಿಗೆ ಸಾಮಾನ್ಯವಾಗಿ ಲ್ಯಾಪರೊಸ್ಕೋಪಿ (ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ ಕೈಯಿಂದಲೇ ಮಾಡುವ ಆಪರೇಷನ್) ಸಾಕು. ಗರ್ಭಕಂಠದ ಆರಂಭದ ಕ್ಯಾನ್ಸರ್‌ಗಂತೂ ಖಂಡಿತ ಕೇಳಿ: 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸಣ್ಣ ತೂತಿನ (ಲ್ಯಾಪರೊಸ್ಕೋಪಿ ಇಲ್ಲವೇ ರೋಬೋಟ್) ಆಪರೇಷನ್‌ಗಿಂತ ಹೊಟ್ಟೆ ತೆರೆದು ಮಾಡಿಸಿಕೊಂಡವರೇ ಹೆಚ್ಚು ಬದುಕುಳಿದರು. ಗಾಯ ಚಿಕ್ಕದಿದ್ದ ಮಾತ್ರಕ್ಕೆ ಚಿಕಿತ್ಸೆ ಮೇಲಲ್ಲ.

ಎರಡನೆಯದು: ‘ಇದೇ ಆಪರೇಷನ್ ಅನ್ನು ರೋಬೋಟ್‌ನಲ್ಲಿ ನೀವು ಎಷ್ಟು ಮಾಡಿದ್ದೀರಿ ಸರ್?’ ‘ಆಸ್ಪತ್ರೆಯಲ್ಲಿ ಇಷ್ಟಾಗಿವೆ’ ಎಂಬುದು ಉತ್ತರವಲ್ಲ. ಕೇಳಿದರೆ ಡಾಕ್ಟ್ರು ಬೇಜಾರಾಗುತ್ತಾರೆಂದು ಸುಮ್ಮನಿರಬೇಡಿ. ರಕ್ತಸ್ರಾವ ನಿಲ್ಲದಿದ್ದರೆ, ಕರುಳು ಅಂಟಿಕೊಂಡಿದ್ದರೆ ನಡುವೆಯೇ ಹೊಟ್ಟೆ ತೆರೆಯಬೇಕಾಗುತ್ತದೆ. ಒಪ್ಪಿಗೆ ಪತ್ರದಲ್ಲಿ ಆ ಸಾಲು ಇದೆಯೇ ನೋಡಿ.

ಖರ್ಚನ್ನು ಬರೆಸಿಕೊಳ್ಳಿ. ತೋಳಿನ ತುದಿಯ ಸಲಕರಣೆಗಳಿಗೆ ಇಷ್ಟೇ ಸಲ ಎಂಬ ಬಳಕೆಯ ಲೆಕ್ಕವಿದೆ, ಅದು ಮುಗಿದರೆ ಯಂತ್ರ ಆ ಸಲಕರಣೆಯನ್ನು ಒಪ್ಪಿಕೊಳ್ಳುವುದಿಲ್ಲ. ಬಿಲ್ ಏರುವುದಕ್ಕೆ ಇದೂ ಕಾರಣ. ವಿಮೆ ರೋಬೋಟ್ ಆಪರೇಷನ್‌ಗೆ ಪ್ರತ್ಯೇಕ ಮಿತಿ ಹಾಕಿರಬಹುದು. ಯಶಸ್ವಿನಿ, ಆಯುಷ್ಮಾನ್ ಕಾರ್ಡ್ ಇದ್ದರೆ ರೋಬೋಟ್‌ನ ಹೆಚ್ಚುವರಿ ಹಣ ಅದರಲ್ಲಿ ಸೇರುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ತಿಳಿಯಿರಿ.

ತೋಳು ಇಳಿಸುವ ಒಂದೊಂದು ತೂತು ಸುಮಾರು 8 ಮಿಲಿಮೀಟರ್. ಪ್ರಾಸ್ಟೇಟ್ ಹೊರತೆಗೆಯಲು ಒಂದನ್ನು ಹಿಗ್ಗಿಸುತ್ತಾರೆ. ಹೊಟ್ಟೆ ಉಬ್ಬಿಸಲು ತುಂಬುವ ಗಾಳಿಯಿಂದ ಒಂದೆರಡು ದಿನ ಹೆಗಲು ನೋಯಬಹುದು, ಓಡಾಡಿದರೆ ಇಳಿಯುತ್ತದೆ. ಜ್ವರ, ಏರುತ್ತಲೇ ಇರುವ ಹೊಟ್ಟೆನೋವು, ನಿಲ್ಲದ ವಾಂತಿ ಇದ್ದರೆ ಕಾಯದೆ ಆಸ್ಪತ್ರೆಗೆ ವಾಪಸ್ ಹೋಗಿ. ಹೊರಗಿನ ಗಾಯ ವಾರದಲ್ಲಿ ಒಣಗಿದಂತೆ ಕಂಡರೂ ಒಳಗಿನದು ಮಾಗಿರುವುದಿಲ್ಲ. ಕಬ್ಬಿನ ಹೊರೆ, ಹಾಲಿನ ಕ್ಯಾನು 4ರಿಂದ 6 ವಾರ ಬೇರೆಯವರು ಎತ್ತಲಿ.