ಕಿಂಡರ್ ಗೋಡೆಯ ಮೇಲೆ ಏಳು ಋತು: ನನ್ನ ಅನುಭವ

ನಾನು ಮೆಲ್ಬರ್ನ್‌ನ ಉತ್ತರ ಭಾಗದ ಒಂದು ಕಿಂಡರ್‌ನಲ್ಲಿ ಟೀಚರ್. ನಾಲ್ಕೈದು ವರ್ಷದ ಮಕ್ಕಳು. ಇಲ್ಲಿನ ಮೂಲನಿವಾಸಿಗಳ, ಅಂದರೆ ಅಬಾರಿಜಿನಲ್ ಜನರ ಸಂಸ್ಕೃತಿಯನ್ನು ನೀನು ಹೇಗೆ ಹೇಳಿಕೊಡ್ತೀಯ, ನೀನೇ ಹೊರಗಿನವಳಲ್ವಾ ಅಂತ ಊರಿನಿಂದ ಅಕ್ಕ ಕೇಳಿದಳು. ಇಲ್ಲಿ ಹೊಸದಾಗಿ ಚೈಲ್ಡ್‌ಕೇರ್ ಕೋರ್ಸ್ ಮಾಡುತ್ತಿರುವ ಕನ್ನಡದ ಹುಡುಗಿಯರೂ ಇದನ್ನೇ ಕೇಳುತ್ತಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದು ಇಷ್ಟ ಇದ್ದರೆ ಮಾಡಿ ಅನ್ನುವ ಕೆಲಸ ಅಲ್ಲ. ಪುಟ್ಟ ಮಕ್ಕಳ ಕಲಿಕೆಗೆ ಇಡೀ ಆಸ್ಟ್ರೇಲಿಯಾಕ್ಕೆ ಒಂದು ಚೌಕಟ್ಟು 2009ರಲ್ಲಿ ಬಂತು. 2022ರಲ್ಲಿ ಅದನ್ನು ತಿದ್ದಿದಾಗ ಮೂಲನಿವಾಸಿಗಳ ದೃಷ್ಟಿಯನ್ನು ಒಂದು ಪ್ರತ್ಯೇಕ ತತ್ವವಾಗಿಯೇ ಸೇರಿಸಿದರು. ಸರಿ, ಸೇರಿಸಿದರು. ಆದರೆ ಸೋಮವಾರ ಬೆಳಿಗ್ಗೆ ಇಪ್ಪತ್ತು ಚಿಲ್ಲರೆ ಮಕ್ಕಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಏನು ಮಾಡಬೇಕು ಅನ್ನುವುದು ಆ ಕಾಗದದಲ್ಲಿ ಇರುವುದಿಲ್ಲ.

ತುಂಬಾ ಕಡೆ ನಡೆಯುವುದು ಹೀಗೆ. ಜುಲೈನಲ್ಲಿ ನೈಡಾಕ್ ವಾರ, ಅಂದರೆ ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ವಾರ ಬರುತ್ತದೆ. ರಟ್ಟಿನಲ್ಲಿ ಬೂಮರಾಂಗ್ ಕತ್ತರಿಸಿ, ಇಯರ್‌ಬಡ್‌ನಿಂದ ಚುಕ್ಕಿ ಇಡಿಸಿ, ಯೂಟ್ಯೂಬ್‌ನಲ್ಲಿ ಡಿಜರಿಡೂ ಅನ್ನುವ ಉದ್ದ ಕೊಳವೆಯ ಊದುವಾದ್ಯ ಹಾಕಿ, ಫೋಟೋ ತೆಗೆದು ಪೋಷಕರ ಆ್ಯಪ್‌ಗೆ ಹಾಕಿದರೆ ಮುಗಿಯಿತು, ಮತ್ತೆ ಮುಂದಿನ ಜುಲೈಗೆ. ನನಗೆ ಇದು ಸರಿ ಕಾಣುವುದಿಲ್ಲ. ಈಗ ಎಲ್ಲರೂ ಗುರುತಿಸುವ ಆ ಚುಕ್ಕಿ ಚಿತ್ರ 1971ರಲ್ಲಿ ಪಪುನ್ಯಾದಲ್ಲಿ ಶುರುವಾದದ್ದು. ಅದು ಇಲ್ಲಿಂದ ಸುಮಾರು 2,000 ಕಿಲೋಮೀಟರ್ ಆಚೆ, ಮಧ್ಯದ ಮರುಭೂಮಿಯಲ್ಲಿದೆ. ಆ ಚಿತ್ರಗಳ ಕತೆಗಳಿಗೆ ವಾರಸುದಾರರಿದ್ದಾರೆ, ಯಾರು ಬೇಕಾದರೂ ಬಿಡಿಸುವಂಥವಲ್ಲ. ಡಿಜರಿಡೂ ಇನ್ನೂ ಉತ್ತರದ್ದು. ಬಿಳಿಯರು ಬರುವ ಮೊದಲು ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಅಷ್ಟನ್ನೂ ಒಂದೇ ಮೂಟೆಗೆ ತುಂಬಿ ಮಕ್ಕಳ ಮುಂದೆ ಸುರಿದರೆ ಅವರಿಗೆ ಉಳಿಯುವುದು ಬಣ್ಣ ಮಾತ್ರ.

ಹಾಗಾಗಿ ನಾನು ಹಿಡಿದ ದಾರಿ ಒಂದೇ. ನಾವು ನಿಂತಿರುವ ಈ ನೆಲದ ಬಗ್ಗೆ ಮಾತ್ರ ಹೇಳುವುದು, ಅದೂ ವರ್ಷಪೂರ್ತಿ.

ನಮ್ಮ ಕಿಂಡರ್ ಇರುವುದು ವುರುಂಜೆರಿ ಜನರ ನೆಲದಲ್ಲಿ. ಕುಲಿನ್ ಅನ್ನುವ ಐದು ಸಮುದಾಯಗಳ ಕೂಟದಲ್ಲಿ ಅವರೂ ಒಬ್ಬರು. ಮೆಲ್ಬರ್ನ್‌ನವರಿಗೆ ಒಂದು ಎಚ್ಚರಿಕೆ. ವುರುಂಜೆರಿ ಮತ್ತು ಬುನುರಾಂಗ್ ಜನರ ನಡುವಿನ ಗಡಿ ನಗರದ ಮಧ್ಯೆಯೇ ಹಾದುಹೋಗುತ್ತದೆ, 2021ರ ಜುಲೈನಲ್ಲಷ್ಟೇ ಅದು ಅಧಿಕೃತವಾಗಿ ತೀರ್ಮಾನವಾಯಿತು. ಎಂಸಿಜಿ ಸ್ಟೇಡಿಯಂ ವುರುಂಜೆರಿ ಕಡೆ, ಸೇಂಟ್ ಕಿಲ್ಡಾ ಬೀಚು ಬುನುರಾಂಗ್ ಕಡೆ. ಹಳೇ ಪೋಸ್ಟರ್ ನೋಡಿ ಹೆಸರು ಹೇಳಬೇಡಿ, ಮೊದಲು ನಕ್ಷೆ ನೋಡಿ.

ಪ್ರತಿ ಬೆಳಿಗ್ಗೆ ಈ ನೆಲದವರನ್ನು ನೆನೆಯುತ್ತೇವೆ. ಅದಕ್ಕೆ ಅಕ್ನಾಲೆಜ್‌ಮೆಂಟ್ ಅನ್ನುತ್ತಾರೆ, ಯಾರು ಬೇಕಾದರೂ ಹೇಳಬಹುದು. ವೆಲ್‌ಕಮ್ ಅನ್ನುವುದು ಬೇರೆ, ಅದನ್ನು ಹೇಳುವ ಹಕ್ಕು ಆ ನೆಲದ ಮೂಲನಿವಾಸಿಗಳದ್ದು ಮಾತ್ರ. ಮನೆಯವರು ತಾನೇ ಒಳಗೆ ಬನ್ನಿ ಅನ್ನಬೇಕು? ಸಿದ್ಧ ಸಾಲುಗಳನ್ನು ಮಕ್ಕಳು ಗಿಣಿಪಾಠದ ಹಾಗೆ ಒಪ್ಪಿಸಿಬಿಡುತ್ತಾರೆ, ಹಾಗಾಗಿ ಅಂಗಳಕ್ಕೆ ಹೋಗಿ, ಅಂಗೈಯನ್ನು ನೆಲಕ್ಕಿಟ್ಟು, ಇವತ್ತು ಯಾವುದನ್ನು ನೋಡಿಕೊಳ್ಳುತ್ತೀರಿ ಅಂತ ಕೇಳುತ್ತೇನೆ. ಒಬ್ಬ ಮ್ಯಾಗ್‌ಪೈ ಹಕ್ಕಿ ಅನ್ನುತ್ತಾನೆ, ಇನ್ನೊಬ್ಬಳು ಇರುವೆ ಅನ್ನುತ್ತಾಳೆ. ನಲ್ಲಿ ಅಂದವನೂ ಇದ್ದಾನೆ. ನೀರು ಪೋಲಾಗಬಾರದಂತೆ. ಸರಿ ಬಿಡಿ, ಅದೂ ನೆಲದ್ದೇ.

ಇನ್ನು ಗೋಡೆ. ಅದರ ಮೇಲೆ ಋತುಗಳ ಪಟ, ಈಗ ಯಾವ ಋತು ಅಂತ ತೋರಿಸಲು ಒಂದು ಬಾಣ. ಇಂಗ್ಲಿಷ್ ಕ್ಯಾಲೆಂಡರಿನ ನಾಲ್ಕು ಋತು ಇಲ್ಲಿಗೆ ಹೊಂದುವುದೇ ಇಲ್ಲ, ಅವು ಹಡಗಿನಲ್ಲಿ ಬಂದವು. ಮೆಲ್ಬರ್ನ್ ಮೂಲಕ ಹರಿಯುವ ಯಾರಾ ನದಿಯ ಮೇಲ್ಭಾಗದ ಕುಲಿನ್ ಲೆಕ್ಕದಲ್ಲಿ ಏಳು ಋತು. ಜನವರಿ ಫೆಬ್ರವರಿಯ ಒಣ ಕಾಲ ಬಿದೆರಪ್. ಮಾರ್ಚ್ ಹೊತ್ತಿಗೆ ಕೊಬ್ಬಿದ ಹಾವುಮೀನು ನದಿಯ ಕೆಳಗೆ ಹೊರಡುವ ಇಯುಕ್. ಆಮೇಲೆ ವಾರಿಂಗ್, ಬಿಲ ತೋಡುವ ವಾಂಬ್ಯಾಟ್ ಅನ್ನುವ ಪ್ರಾಣಿಗಳ ಕಾಲ, ಬೆಳಿಗ್ಗೆ ಮಂಜು, ಉದ್ದದ ಚಳಿ. ಆಗಸ್ಟಿನಲ್ಲಿ ಆರ್ಕಿಡ್ ಅರಳುವ ಗುಲಿಂಗ್. ಸೆಪ್ಟೆಂಬರ್‌ಗೆ ಗೊದಮೊಟ್ಟೆಗಳ ಪೂರ್ನೀತ್. ನವೆಂಬರ್‌ನಲ್ಲಿ ಕಾಂಗರೂ ಹುಲ್ಲು ಹೂ ಬಿಡುವ ಬುವಾತ್ ಗುರು. ಡಿಸೆಂಬರ್‌ನಲ್ಲಿ ಕಾಂಗರೂ ಆ್ಯಪಲ್ ಕಾಯಿ ಬಿಡುವ ಗರ್ರವಾಂಗ್. ಈ ಆ್ಯಪಲ್ ನಮ್ಮ ಬದನೆಯ ಜಾತಿ, ನೇರಳೆ ಹೂ ನೋಡಿದರೆ ಗೊತ್ತಾಗಿಬಿಡುತ್ತದೆ. ಕಾಯಿ ಹಸಿರಿದ್ದಾಗ ವಿಷ. ಅದಕ್ಕೆ ಅಂಗಳದಲ್ಲಿ ಕೇಳದೆ ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ.

ನಮ್ಮ ನಿಯಮ ಏನೆಂದರೆ, ತಾರೀಕು ನೋಡಿ ಋತು ಬದಲಿಸುವ ಹಾಗಿಲ್ಲ, ಕಣ್ಣಿಗೆ ಕಂಡ ಮೇಲೆಯೇ ಬಾಣದ ಗುರುತನ್ನು ಸರಿಸಬೇಕು. ಬುಷ್ ಕಿಂಡರ್ ದಿನ, ಅಂದರೆ ತರಗತಿ ಬಿಟ್ಟು ಹೊರಗೆ ಪ್ರಕೃತಿಯಲ್ಲೇ ಕಲಿಯುವ ದಿನ, ತೊರೆಯ ದಡಕ್ಕೆ ಹೋಗುತ್ತೇವೆ. ಏನನ್ನೂ ಹಿಡಿಯುವುದಿಲ್ಲ, ಸುಮ್ನೆ ನೋಡುತ್ತೇವೆ. ಒಂದು ವರ್ಷ ಸೆಪ್ಟೆಂಬರ್ ಬಂದು ದಿನಗಳಾದರೂ ಒಬ್ಬಳು ಬಾಣ ಸರಿಸಲು ಬಿಡಲೇ ಇಲ್ಲ. ಗೊದಮೊಟ್ಟೆ ಕಂಡಿಲ್ಲ, ಇನ್ನೂ ಗುಲಿಂಗ್ ಅಂತ ಹಟ. ಅವಳದ್ದೇ ಸರಿ ಅಂತ ನಾನೂ ಒಪ್ಪಿದೆ.

ಧಾರವಾಡದಿಂದ ಮೊಮ್ಮಗನನ್ನು ನೋಡಲು ಬಂದ ಅಜ್ಜಿಯೊಬ್ಬರು ಅವನನ್ನು ಕರೆದುಕೊಂಡು ಹೋಗಲು ಬಂದಾಗ ಇದೇನವ್ವಾ ಅಂತ ಕೇಳಿದರು. ಹೇಳಿದೆ. 'ಹಂಗಾದ್ರ ನಮ್ಮ ಮಳಿ ನಕ್ಷತ್ರ ಇದ್ದಂಗನ ಆತಲ್ಲ' ಅಂದು, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುವಲ್ಲಿಂದ ಶುರು ಮಾಡಿದವರು ಸ್ವಾತಿ ಮುಟ್ಟುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ. ಅವರಿಗೆ ನಾನು ಮತ್ತೇನೂ ಬಿಡಿಸಿ ಹೇಳಬೇಕಾಗಲಿಲ್ಲ. ಕಷ್ಟ ಇರುವುದು ನಮ್ಮ ವಯಸ್ಸಿನ ಪೋಷಕರ ಜೊತೆ. 'ಮೇಡಂ, ಅವನಿಗೆ ಕನ್ನಡವೇ ಸರಿಯಾಗಿ ಬರಲ್ಲ, ಇದೆಲ್ಲ ಯಾಕೆ, ಎಬಿಸಿಡಿ ಬರೆಸಿ' ಅಂತ ನೇರವಾಗಿ ಹೇಳಿದವರಿದ್ದಾರೆ. ನಾನು ವಾದ ಮಾಡುವುದಿಲ್ಲ. ಮುರ್ನಾಂಗ್ ಅಗೆಯುವ ದಿನ ಬನ್ನಿ ಅನ್ನುತ್ತೇನೆ.

ಮುರ್ನಾಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸೇವಂತಿಗೆಯ ಕುಟುಂಬದ ಗಿಡ, ಹಳದಿ ಹೂ, ಮಣ್ಣೊಳಗೆ ಬೆರಳಿನಷ್ಟು ಗಾತ್ರದ ಬಿಳಿ ಗೆಡ್ಡೆ, ಮುರಿದರೆ ಹಾಲು. ಇಲ್ಲಿನ ಜನರ ದಿನದ ಊಟವೇ ಅದಾಗಿತ್ತು. ಹೆಂಗಸರು ಚೂಪು ಕೋಲಿನಿಂದ ಅಗೆದು ತೆಗೆಯುತ್ತಿದ್ದರು, ಅಗೆದಂತೆಲ್ಲ ಮಣ್ಣು ಸಡಿಲವಾಗಿ ಗಿಡ ಇನ್ನಷ್ಟು ಹಬ್ಬುತ್ತಿತ್ತು. 1835ರಿಂದೀಚೆಗೆ ಬಿಳಿಯರು ತಂದ ಕುರಿ ಮಂದೆಗಳು ಬೇರು ಸಮೇತ ಮೇಯ್ದವು, ಗೊರಸಿನಡಿ ನೆಲ ಗಟ್ಟಿಯಾಯಿತು. ಕೆಲವೇ ವರ್ಷಗಳಲ್ಲಿ ಬಯಲಿಗೆ ಬಯಲೇ ಖಾಲಿ.

ನಾಲ್ಕು ವರ್ಷದ ಮಗುವಿಗೆ ಚರಿತ್ರೆ ಹೇಳಲು ಇದಕ್ಕಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ಸ್ಥಳೀಯ ಗಿಡಗಳ ನರ್ಸರಿಯಿಂದಲೇ ಸಸಿ ತನ್ನಿ. ತಾನಾಗಿ ಹುಟ್ಟುವ ಒಂದು ಕಳೆಗಿಡ ನೋಡಲು ಹಾಗೆಯೇ ಇರುತ್ತದೆ. ಅದರ ಎಲೆ ಮುಟ್ಟಿದರೆ ರೋಮ ರೋಮ, ಮೊಗ್ಗು ನೆಟ್ಟಗೆ ನಿಂತಿರುತ್ತದೆ. ಮುರ್ನಾಂಗ್ ಎಲೆ ನುಣುಪು, ಮೊಗ್ಗು ತಲೆ ತಗ್ಗಿಸಿರುತ್ತದೆ. ಮಕ್ಕಳು ಇದನ್ನು ನನಗಿಂತ ಬೇಗ ಗುರುತು ಹಿಡಿಯುತ್ತಾರೆ. ಹೂ ಮುಗಿದ ಮೇಲೆ ಕೋಲು ಕೊಟ್ಟು ಅಗೆಸುತ್ತೇನೆ. ಪೂರ್ತಿ ತೆಗೆಯುವ ಹಾಗಿಲ್ಲ, ಒಂದಷ್ಟು ಗೆಡ್ಡೆ ವಾಪಸ್ ಮಣ್ಣಿಗೆ. ಹಸಿಯಾಗಿ ಕಚ್ಚಿದರೆ ತೆಂಗಿನಕಾಯಿಯ ಎಳೆ ರುಚಿ, ಸುಟ್ಟರೆ ಸಿಹಿ. ಎಬಿಸಿಡಿ ಕೇಳಿದ ಅಪ್ಪ ಪ್ಯಾಂಟು ಮಡಚಿ ಮಂಡಿಯೂರಿ ಕೂತು, ಮಗ ಹೇಳಿಕೊಟ್ಟ ಹಾಗೆ ಅಗೆದರು. ಆಮೇಲೆ ಅವರಿಂದ ಆ ಮಾತು ಬರಲಿಲ್ಲ.

ಕುರಿ ತಂದವರು ಕೇಳಿದ್ರಾ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಇಲ್ಲ, ಕೇಳಲಿಲ್ಲ ಅನ್ನುತ್ತೇನೆ. ಈ ವಯಸ್ಸಿನಲ್ಲಿ ಕೇಳದೆ ತಗೊಳ್ಳುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ, ತಕ್ಷಣ ಅರ್ಥವಾಗುತ್ತದೆ. ವುರುಂಜೆರಿ ನಾಯಕ ವಿಲಿಯಂ ಬರಾಕ್ ಕತೆಯನ್ನೂ ಹೇಳುತ್ತೇನೆ. 1863ರಲ್ಲಿ ಹೀಲ್ಸ್‌ವಿಲ್ ಹತ್ತಿರ ಕೊರಾಂಡರ್ಕ್ ಅಂತ ಒಂದು ನೆಲೆ ಆಯಿತು, ಮೂಲನಿವಾಸಿಗಳು ಅಲ್ಲಿ ಬೆಳೆ ತೆಗೆದು ಬದುಕು ಕಟ್ಟಿಕೊಂಡರು. ಸರ್ಕಾರದವರು ಅದನ್ನೂ ಮುಚ್ಚಲು ಹೊರಟಾಗ ಬರಾಕ್ ಮತ್ತು ಸಂಗಡಿಗರು ಸುಮಾರು 60 ಕಿಲೋಮೀಟರ್ ನಡೆದು ಮೆಲ್ಬರ್ನ್‌ಗೆ ಬಂದು ಮಂತ್ರಿಗಳನ್ನೇ ಕೇಳಿದರು. ಸ್ವಾನ್‌ಸ್ಟನ್ ಸ್ಟ್ರೀಟಿನ ಉತ್ತರ ತುದಿಯಲ್ಲಿ ಒಂದು ಎತ್ತರದ ಕಟ್ಟಡದ ಬಾಲ್ಕನಿಗಳಲ್ಲೇ ಬರಾಕ್ ಮುಖ ಮೂಡಿಸಿದ್ದಾರೆ. ದೂರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಮಕ್ಕಳು ಟ್ರಾಮಿನಲ್ಲಿ ಕೂಗಿ ಅಪ್ಪ ಅಮ್ಮನಿಗೆ ತೋರಿಸುತ್ತಾರಂತೆ. ಸರ್ಕಾರ ಮೂಲನಿವಾಸಿ ತಾಯಂದಿರಿಂದ ಮಕ್ಕಳನ್ನು ಕಿತ್ತುಕೊಂಡ ವಿಷಯವನ್ನು ಈ ವಯಸ್ಸಿಗೆ ವಿವರವಾಗಿ ಹೇಳುವುದಿಲ್ಲ. ಹಾಗೆ ನಡೆಯಿತು, ಅದು ತಪ್ಪು, 2008ರ ಫೆಬ್ರವರಿ 13ರಂದು ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು, ಆ ಕುಟುಂಬಗಳು ಇವತ್ತೂ ನಮ್ಮ ನಡುವೆ ಇವೆ. ಇಷ್ಟೇ.

ಸೃಷ್ಟಿಯ ಕತೆಗಳನ್ನು ಮಾತ್ರ ನಾನು ಹೇಳುವುದಿಲ್ಲ. ಬುಂಜಿಲ್ ಅನ್ನುವ ಹದ್ದು ಈ ನೆಲವನ್ನು ಸೃಷ್ಟಿಸಿದವನು, ವಾ ಅನ್ನುವ ಕಾಗೆ ಕಾಯುವವನು ಅನ್ನುವಷ್ಟು ಹೇಳಿ ನಿಲ್ಲಿಸುತ್ತೇನೆ. ಮುಂದಿನದ್ದು ವುರುಂಜೆರಿಯವರೇ ಹೇಳಿರುವ ವಿಡಿಯೋ, ಇಲ್ಲವೇ ಹಿರಿಯರು ಬಂದ ದಿನ ಅವರ ಬಾಯಿಂದಲೇ. ನನ್ನ ಪಾಲಿನದ್ದು ಹದ್ದಿನ ಅಳತೆ. ಈ ಹದ್ದಿನ ರೆಕ್ಕೆಯ ಅಗಲ ಎರಡು ಮೀಟರ್ ದಾಟುತ್ತದೆ. ಹಳೇ ಸೀರೆಯನ್ನು ಅಷ್ಟುದ್ದ ಹಾಸಿದರೆ ಇಬ್ಬರು ಮಕ್ಕಳು ತಲೆಗೆ ತಲೆ ತಾಗಿಸಿ ಮಲಗಬಹುದು.

ಹಿರಿಯರನ್ನು ಕರೆಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಾವು ವುರುಂಜೆರಿಯವರದ್ದೇ ಸಂಸ್ಥೆಯಾದ ಅವರ ಕಾರ್ಪೊರೇಷನ್ ಮೂಲಕ ಬುಕ್ ಮಾಡುತ್ತೇವೆ, ತಿಂಗಳುಗಳ ಮುಂಚೆ. ಹಣ ಕೊಡಬೇಕು. ಅವರ ಜ್ಞಾನ, ಅವರ ಸಮಯ, ಬಿಟ್ಟಿ ಯಾಕೆ ಬರಬೇಕು? ವರ್ಷದ ಬಜೆಟ್ ಮಾಡುವಾಗಲೇ ಇದಕ್ಕೊಂದು ಸಾಲು ಬರೆಸಿಬಿಡಿ. ಜುಲೈನ ಆ ವಾರ ಇಡೀ ಊರು ಅವರನ್ನೇ ಕರೆಯುತ್ತದೆ, ಬೇರೆ ತಿಂಗಳು ನೋಡಿ. ಎಲೆಯ ಹೊಗೆಯಿಂದ ಶುದ್ಧಿ ಮಾಡುವ ವಿಧಿ ಇದ್ದರೆ ಮ್ಯಾನ ಗಮ್ ಅನ್ನುವ ನೀಲಗಿರಿ ಜಾತಿಯ ಮರದ ಹಸಿ ಎಲೆ ಹಾಕುತ್ತಾರೆ, ಅಂಗಳದಲ್ಲೇ ಮಾಡಿಸಿ, ಆಸ್ತಮಾ ಇರುವ ಮಕ್ಕಳ ಮನೆಗೆ ಮೊದಲೇ ತಿಳಿಸಿ. ಬಂದವರನ್ನು ಆಂಟಿ, ಅಂಕಲ್ ಅಂತ ಗೌರವದಿಂದ ಕರೆಯುವುದು ಇಲ್ಲಿನ ರೂಢಿ. ನಮ್ಮ ಭಾರತೀಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ಇನ್ನೊಂದು ವಿಷಯ. ನಿಮ್ಮ ತರಗತಿಯಲ್ಲಿ ಮೂಲನಿವಾಸಿ ಮಗು ಇದ್ದರೆ ಅದನ್ನು ಮುಂದೆ ನಿಲ್ಲಿಸಿ ನಿಮ್ಮ ಸಂಸ್ಕೃತಿ ಹೇಳು ಅನ್ನಬೇಡಿ, ಅವರ ಅಮ್ಮನ ಮೇಲೂ ಆ ಹೊರೆ ಹಾಕಬೇಡಿ. ಅವಳು ಬೆಳ್ಳಗಿದ್ದಾಳಲ್ಲ ಅಂತ ಯಾವುದಾದರೂ ಮಗು ಅಂದರೆ, ಬಣ್ಣದಿಂದ ಗೊತ್ತಾಗುವುದಲ್ಲ, ಅವಳ ಮನೆಯವರು ಯಾರು ಅನ್ನುವುದರಿಂದ ಅಂತ ಅಲ್ಲೇ ಹೇಳಿ ಮುಗಿಸಿ.

ಈ ವರ್ಷವೇ ಶುರು ಮಾಡುವವರು ಮುರ್ನಾಂಗ್ ಸಸಿಯನ್ನು ಏಪ್ರಿಲ್ ಮೇನಲ್ಲಿ, ಮಳೆ ಹಿಡಿದ ಮೇಲೆ ನೆಡಿ. ಎತ್ತರದ ಮಡಿ ಮಾಡಿ, ನೀರು ನಿಲ್ಲಬಾರದು. ಬಸವನಹುಳು ಒಂದೇ ರಾತ್ರಿಯಲ್ಲಿ ಎಲೆ ಬೋಳಿಸುತ್ತದೆ, ಬಲೆ ಹೊದಿಸಿ. ಬೇಸಿಗೆಯಲ್ಲಿ ಗಿಡ ಪೂರ್ತಿ ಒಣಗುತ್ತದೆ. ಸತ್ತಿತು ಅಂತ ಯಾರೂ ಕಿತ್ತು ಬಿಸಾಡದ ಹಾಗೆ ಒಂದು ಬೋರ್ಡು ಹಾಕಿಡಿ. ಗೆಡ್ಡೆ ಕೆಳಗೇ ಇರುತ್ತದೆ.