ಸಿಹಿ ಕೊಡುವುದಾದರೆ ಊಟದ ಜೊತೆಗೇ ಕೊಡಿ

ಮಕ್ಕಳಿಗೆ ಲಾಡು, ಚಾಕೊಲೇಟ್ ಏನೇ ಕೊಡುವುದಿದ್ದರೂ ಊಟದ ಜೊತೆಗೇ ಒಂದೇ ಸಲ ಕೊಟ್ಟು ಮುಗಿಸಿ. ದಿನವಿಡೀ ಚೂರು ಚೂರು ಬೇಡ. ಸಕ್ಕರೆ ಸಿಕ್ಕಿದ ಕೂಡಲೇ ಬಾಯಲ್ಲಿರುವ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ನಡುನಡುವೆ ಬಾಯಾಡಿಸುತ್ತಿದ್ದರೆ ಆ ಬಿಡುವೇ ಸಿಗುವುದಿಲ್ಲ, ಅಲ್ವಾ? ಗಂಟೆಗಟ್ಟಲೆ ಗುಟುಕು ಗುಟುಕಾಗಿ ಕುಡಿಯುವ ಸಿಹಿ ಕಾಫಿಗೂ ಇದೇ ಲೆಕ್ಕ (ದೊಡ್ಡವರೂ ಕೇಳಿಸಿಕೊಳ್ಳಿ). ಬೆಲ್ಲವಾದರೆ ಪರವಾಗಿಲ್ಲ ಅನ್ನುವುದು ಸುಮ್ನೆ ಮಾತು. ಆದರೆ ದವಡೆ ಹಲ್ಲಿನ ಸಂದಿಗೆ ಅಂಟಿ ಕೂರುವ ಚಿಕ್ಕಿಗೆ ಈ ಉಪಾಯ ಅಷ್ಟಾಗಿ ನಡೆಯದು. ರಾತ್ರಿ ಬ್ರಷ್ ಮಾಡಿದ ಮೇಲಂತೂ ಏನೂ ಕೊಡಬೇಡಿ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಆಗಲೇ ತೂತು ಬಿದ್ದಿರುವ ಹಲ್ಲಿಗೆ ಡಾಕ್ಟರೇ ಗತಿ.