ಹೆಂಡತಿಯ ಮೊದಲ ಪಿಸ್ತೂಲು ಹೆಂಡತಿಯೇ ಆರಿಸಲಿ

ಟೆಕ್ಸಾಸ್‌ನಲ್ಲಿ ನೆಲೆ ನಿಂತು ಮನೆ ಕೊಂಡ ಕನ್ನಡದ ಹುಡುಗರು ಆಗಾಗ ನನ್ನನ್ನು ಕೇಳುವುದುಂಟು: “ಅಕ್ಕಾ, ನಾನು ಕೆಲಸದ ಮೇಲೆ ಊರೂರು ತಿರುಗ್ತೀನಿ, ಇವಳೊಬ್ಬಳೇ ಇರ್ತಾಳೆ. ಇವಳಿಗೆ ಯಾವ ಗನ್ ಕೊಡಿಸಲಿ?” ನಾನು ಹೇಳುವುದು ಇಷ್ಟೆ. ಮೊದಲು ಅವಳಿಗೆ ಬೇಕೋ ಬೇಡವೋ ಕೇಳಿ. ಬೇಡ ಎಂದರೆ ಮಾತು ಅಲ್ಲಿಗೇ ಮುಗಿಯಲಿ. ಗಟ್ಟಿ ಬಾಗಿಲು, ಅಲಾರಂ, ಅಕ್ಕಪಕ್ಕದವರ ಪರಿಚಯ ಇವೂ ಮನೆ ಕಾಯುತ್ತವೆ. ಬೇಕು ಎಂದರೆ ಅವಳೇ ಹೊಡೆದು ನೋಡಿ, ಅವಳೇ ಆರಿಸಲಿ. ನೀವು ಜೊತೆಯಲ್ಲಿದ್ದರೆ ಸಾಕು.

ನಮ್ಮಲ್ಲಿ ಬಹುಪಾಲು ಜನ ಊರಿನಲ್ಲಿ ಕೋವಿ ಮುಟ್ಟಿದವರಲ್ಲ. ಕೊಡಗಿನವರ ಮಾತು ಬೇರೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ಬೆಳೆದವರು ಅವರು. ಮಲೆನಾಡಿನ ತೋಟದ ಮನೆಗಳಲ್ಲೂ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿ ಇರುತ್ತದೆ, ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಆದರೆ ಅವು ಉದ್ದ ನಳಿಗೆಯವು, ಹೆಗಲಿಗೆ ಆನಿಸಿ ಹೊಡೆಯುವಂಥವು. ಪಿಸ್ತೂಲಿಗೆ ಹೆಗಲಿನ ಆಸರೆ ಇಲ್ಲ, ಒದೆತವೆಲ್ಲ ಅಂಗೈ ಮತ್ತು ಮಣಿಕಟ್ಟಿಗೇ ಬರುತ್ತದೆ. ನಳಿಗೆ ಗಿಡ್ಡವಾದ್ದರಿಂದ ಕೈ ಸ್ವಲ್ಪ ತಿರುಗಿದರೂ ಪಕ್ಕದಲ್ಲಿ ನಿಂತವರ ಕಡೆ ಮುಖ ಮಾಡುತ್ತದೆ. ಹಾಗಾಗಿ ಕೋವಿಯ ಮನೆಯಿಂದ ಬಂದವರೂ ಇಲ್ಲಿ ಮೊದಲಿನಿಂದ ಕಲಿಯುವುದು ಒಳ್ಳೆಯದು.

ಅಂಗಡಿಗಿಂತ ಮೊದಲು ವೀಸಾ

ಇದನ್ನು ದಯವಿಟ್ಟು ಎರಡು ಸಲ ಓದಿ. ಎಚ್-1ಬಿ, ಎಚ್-4, ಎಲ್-1, ಎಲ್-2, ಎಫ್-1, ಬಿ-2, ಕೆಲಸ, ಓದು, ಪ್ರವಾಸಕ್ಕೆಂದು ಕೊಡುವ ಇಂಥ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲೀ ಗುಂಡುಗಳನ್ನಾಗಲೀ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು ಎಂದು ಕೇಳಿ “ಇಲ್ಲಿ ಎಲ್ಲರಿಗೂ ನಡೆಯುತ್ತೆ” ಎಂದುಕೊಳ್ಳಬೇಡಿ. ರಾಜ್ಯದ ಸಡಿಲಿಕೆ ಕೇಂದ್ರದ ನಿಷೇಧವನ್ನು ತೆಗೆದುಹಾಕುವುದಿಲ್ಲ. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇರುವವರನ್ನೂ ದೇಶದಿಂದ ಹೊರಗೆ ಕಳಿಸಬಹುದು.

ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಆಫೀಸಿನ ಟೀಮ್ ಔಟಿಂಗ್‌ನಲ್ಲಿ. ಎಲ್ಲರೂ ಶೂಟಿಂಗ್ ರೇಂಜ್‌ಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೊರಡುತ್ತಾರೆ, ಬಾಡಿಗೆಯ ಗನ್ ತಾನೇ ಎಂದು ನಾವೂ ಹೊರಡುತ್ತೇವೆ. ಬಾಡಿಗೆಯದಾದರೂ ಕೈಗೆ ತೆಗೆದುಕೊಂಡ ಮೇಲೆ ಅದು ಹೊಂದಿದಂತೆಯೇ. ಕೌಂಟರಿನಲ್ಲಿ ಯಾರೂ ವೀಸಾ ಕೇಳಲಿಲ್ಲ ಎಂಬುದು ರಕ್ಷಣೆಯಾಗದು. ರಾಜ್ಯ ಕೊಡುವ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಕಾನೂನಿನಲ್ಲೇ ಒಂದು ವಿನಾಯಿತಿ ಇದೆ. ಆದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾದವರು ಅದನ್ನು ನಂಬಿ ಹೆಜ್ಜೆ ಇಡುವ ಮುನ್ನ ವಲಸೆ ವಕೀಲರನ್ನು ಕೇಳಲೇಬೇಕು. ನನ್ನ ಮಟ್ಟಿಗೆ, ಕಾರ್ಡು ಕೈಗೆ ಬರುವವರೆಗೆ ಕಾಯುವುದೇ ಸರಿ. ಕೆಲಸದ ಪರವಾನಗಿ ಬಂದಿದೆ, ಅರ್ಜಿ ಬಾಕಿಯಿದೆ ಎಂಬುದು ಸಾಲದು.

ಒಂದೇ ಮನೆಯಲ್ಲಿ ಗಂಡನಿಗೆ ಕಾರ್ಡು ಬಂದು ಹೆಂಡತಿಗೆ ಬಾರದಿರುವುದೂ ಉಂಟು. ಆಗ ಗಂಡನ ಪಿಸ್ತೂಲು ಇಟ್ಟ ಪೆಟ್ಟಿಗೆಯ ಬೀಗದ ಸಂಖ್ಯೆ ಹೆಂಡತಿಗೆ ಗೊತ್ತಿರಬಾರದು. ಕೈಗೆಟಕುವಂತಿದ್ದರೂ ಅದನ್ನು ಅವಳ ವಶದಲ್ಲಿದೆ ಎಂದು ವಾದಿಸಲು ದಾರಿಯಾಗುತ್ತದೆ.

ಟೆಕ್ಸಾಸ್ ಬಿಟ್ಟು ಬೇರೆ ಕಡೆ ಇರುವವರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಇಲಿನಾಯ್ಸ್‌ನಲ್ಲಿ ಫಾಯ್ಡ್ ಕಾರ್ಡ್, ಅಂದರೆ ಬಂದೂಕು ಹೊಂದುವವರ ಗುರುತಿನ ಚೀಟಿ, ಬೇಕು, ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೇ ಪರ್ಮಿಟ್ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗಿ, ಹಣ ಕಟ್ಟಿದ ಮೇಲೂ 10 ದಿನ ಕಾಯಬೇಕು.

ಮೊದಲ ಪಾಠ ಗಂಡನಿಂದ ಬೇಡ

ಗಂಡ ಎಷ್ಟೇ ಚೆನ್ನಾಗಿ ಬಲ್ಲವನಾಗಲಿ, ಮೊದಲ ದಿನದ ಪಾಠ ಹೊರಗಿನ ಶಿಕ್ಷಕರಿಂದ ಆಗಲಿ. ಕಾರು ಕಲಿಸುವಾಗ ಎಷ್ಟು ಮನೆಗಳಲ್ಲಿ ಜಗಳವಾಗಿದೆ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಕೈಯಲ್ಲಿರುವುದು ತುಂಬಿದ ಪಿಸ್ತೂಲು. ಹೆಚ್ಚಿನ ರೇಂಜ್‌ಗಳಲ್ಲಿ ಹೆಂಗಸರಿಗೆಂದೇ ಹೆಂಗಸರು ನಡೆಸುವ ತರಗತಿಗಳಿವೆ. ಅಲ್ಲಿ ನಮ್ಮವರು ಕೇಳಲು ಸಂಕೋಚಪಡುವ ಪ್ರಶ್ನೆಗಳನ್ನೂ ಕೇಳಬಹುದು. ಮೊದಲ ಗಂಟೆ ಪೂರ್ತಿ ನಾಲ್ಕು ನಿಯಮಗಳಿಗೇ ಹೋದರೆ ಬೇಸರ ಬೇಡ. ಯಾವ ಗನ್ ಆದರೂ ತುಂಬಿದೆ ಎಂದೇ ತಿಳಿಯಬೇಕು. ಹೊಡೆಯಬಾರದ್ದರ ಕಡೆಗೆ ನಳಿಗೆ ತಿರುಗಿಸಬಾರದು. ಗುರಿ ಹಿಡಿದು ಹೊಡೆಯಲು ನಿರ್ಧರಿಸುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ತಿಳಿದಿರಬೇಕು.

ಶುರು ಮಾಡುವುದು .22ರಿಂದ, ಅಂದರೆ ಸಣ್ಣ ಅಳತೆಯ ಗುಂಡಿನ ಪಿಸ್ತೂಲಿನಿಂದ. ಸದ್ದು ಕಡಿಮೆ, ಒದೆತ ಇಲ್ಲವೆನ್ನುವಷ್ಟು ಸಣ್ಣದು, ಗುಂಡೂ ಅಗ್ಗ. ರೂಗರ್ ಮಾರ್ಕ್ 4, ಟಾರಸ್ ಟಿಎಕ್ಸ್22, ಸ್ಮಿತ್ ಅಂಡ್ ವೆಸ್ಸನ್‌ನ ಎಂ ಅಂಡ್ ಪಿ 22 ಕಾಂಪ್ಯಾಕ್ಟ್, ಈ .22 ಪಿಸ್ತೂಲುಗಳಲ್ಲಿ ಒಂದು ಬಾಡಿಗೆಗೆ ಸಿಕ್ಕೇ ಸಿಗುತ್ತದೆ. ಮೊದಲ ದಿನವೇ ದೊಡ್ಡ ಗನ್ ಕೊಟ್ಟು ಬೆಚ್ಚಿಸಿದರೆ, ಮುಂದೆ ಟ್ರಿಗರ್ ಒತ್ತುವ ಮೊದಲೇ ಕೈ ಅದುರುವ ಅಭ್ಯಾಸ ಬೀಳುತ್ತದೆ. ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ. ಸುತ್ತ ನಿಂತು ನಗುತ್ತಾ ವಿಡಿಯೊ ಮಾಡುವ ಗೆಳೆಯರನ್ನು ಕರೆದುಕೊಂಡು ಹೋಗಲೇಬೇಡಿ.

ಉಡುಪಿನ ವಿಷಯವನ್ನು ತರಗತಿಯಲ್ಲಿ ನಮಗೆ ಬೇಕಾದಷ್ಟು ವಿವರವಾಗಿ ಹೇಳುವುದಿಲ್ಲ. ಹೊಡೆದ ತೋಟಾದ ಖಾಲಿ ಹಿತ್ತಾಳೆ ಕೊಳವೆ ಸುಡುತ್ತಾ ಹಾರಿ ಬರುತ್ತದೆ, ಕುತ್ತಿಗೆಯ ಬಳಿ ಬಟ್ಟೆ ತೆರೆದಿದ್ದರೆ ಒಳಗೇ ಬೀಳುತ್ತದೆ. ಆಗ ಕೈ ಕೊಡವಿ ಕುಣಿಯುವುದೇ ನಿಜವಾದ ಅಪಾಯ, ಏಕೆಂದರೆ ಕೈಯಲ್ಲಿ ಗನ್ ಇರುತ್ತದೆ. ಕತ್ತು ಮುಚ್ಚುವ ಟೀ ಶರ್ಟ್, ಮುಚ್ಚಿದ ಬೂಟು, ಕಟ್ಟಿದ ಕೂದಲು ಇರಲಿ. ದುಪಟ್ಟಾ ಬೇಡ, ಮಾಂಗಲ್ಯ ಸರ ಬಟ್ಟೆಯ ಒಳಗಿರಲಿ, ಬಳೆಗಳನ್ನು ತೆಗೆದಿಟ್ಟು ಹೋಗಲಿ. ಮುಚ್ಚಿದ ರೇಂಜ್‌ನಲ್ಲಿ ಸದ್ದು ಗೋಡೆಗೆ ಬಡಿದು ಇಮ್ಮಡಿಯಾಗುತ್ತದೆ, ಕಿವಿಯೊಳಗೆ ಫೋಮ್ ಬಿರಡೆ, ಮೇಲೆ ಇಯರ್ ಮಫ್, ಎರಡೂ ಬೇಕು. ಗರ್ಭಿಣಿಯರು ಹೋಗುವುದು ಬೇಡ. ಮಗುವಿನ ಕಿವಿಗೆ ಮಫ್ ಹಾಕಲಾಗುವುದಿಲ್ಲ, ಗಾಳಿಯಲ್ಲಿ ಸೀಸದ ಕಣಗಳೂ ಇರುತ್ತವೆ. ಉಳಿದವರೂ ಮುಗಿದ ಕೂಡಲೇ ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ ತೊಳೆಯಬೇಕು. ಅದಕ್ಕೆ ಮೊದಲು ಕಾರಿನಲ್ಲಿ ಚಕ್ಕುಲಿ ಡಬ್ಬ ತೆರೆಯಬಾರದು.

ಚಿಕ್ಕ ಕೈಗೆ ಚಿಕ್ಕ ಗನ್ ಎಂಬ ನಂಬಿಕೆ

ಬಳೆಗಾರ ಕೈ ಹಿಡಿದು ನೋಡದೆ ಅಳತೆ ಹೇಳುವುದಿಲ್ಲ, ಇದೂ ಹಾಗೆಯೇ. ಆದರೆ ಅಂಗಡಿಯಲ್ಲಿ ಹೆಂಗಸು ಕಂಡ ಕೂಡಲೇ ಅಂಗೈಯಗಲದ ಪುಟ್ಟ ಪಿಸ್ತೂಲನ್ನೋ ಹಗುರವಾದ ರಿವಾಲ್ವರನ್ನೋ ಮುಂದಿಡುವವರು ಇನ್ನೂ ಇದ್ದಾರೆ. ಗಂಡಸರೂ ಅದನ್ನೇ ಒಪ್ಪುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಒಂದೇ ತೋಟಾವನ್ನು ಹಗುರ ಗನ್ನಿನಿಂದ ಹೊಡೆದರೆ ಒದೆತ ಹೆಚ್ಚು, ಭಾರದ ಗನ್ನಿನಿಂದ ಹೊಡೆದರೆ ಕಡಿಮೆ. ರೂಗರ್ ಎಲ್‌ಸಿಪಿ ಎಂಬ ಪುಟ್ಟ ಪಿಸ್ತೂಲು ಖಾಲಿಯಿದ್ದಾಗ ಸುಮಾರು 270 ಗ್ರಾಂ, ಮಧ್ಯಮ ಗಾತ್ರದ ಗ್ಲಾಕ್ 19 ಸುಮಾರು 670 ಗ್ರಾಂ. ಎಲ್‌ಸಿಪಿಯ .380 ಅಳತೆಯ ತೋಟಾಕ್ಕೆ ಗ್ಲಾಕಿನ 9 ಎಂಎಂ ತೋಟಾದಷ್ಟು ಬಲವಿಲ್ಲ. ಆದರೂ ಹೊಸಬರ ಅಂಗೈಗೆ ಚುರುಕ್ಕೆನ್ನುವುದು ಎಲ್‌ಸಿಪಿಯೇ. ಹಿಡಿ ಗಿಡ್ಡವಾದ್ದರಿಂದ ಕಿರುಬೆರಳಿಗೆ ಜಾಗವಿರುವುದಿಲ್ಲ, ಪ್ರತಿ ಈಡಿಗೂ ಗನ್ ಕೈಯಲ್ಲಿ ಹೊರಳುತ್ತದೆ.

ಹಗುರ ರಿವಾಲ್ವರಿಗೂ ಇದೇ ಮಾತು. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಲೋಹದ ಭಾಗ, ಅದನ್ನು ಎಳೆಯುವ ಗೋಜಿಲ್ಲ, ಕೆಲಸ ಸರಳ ಎಂಬುದು ನಿಜ. ಆದರೆ ಪ್ರತಿ ಸಲ ಟ್ರಿಗರ್ ಎಳೆಯಲು ಸಾಮಾನ್ಯವಾಗಿ 10ರಿಂದ 12 ಪೌಂಡ್ ಬಲ ಬೇಕು. ತೋರುಬೆರಳಲ್ಲಿ ಅಷ್ಟು ಶಕ್ತಿ ಹಾಕುವಾಗ ಮೂತಿ ಪಕ್ಕಕ್ಕೆ ವಾಲುತ್ತದೆ. ಅದು ಪಳಗಿದವರ ಆಯುಧ, ಮೊದಲನೆಯದಾಗಿ ನಾನು ಯಾರಿಗೂ ಹೇಳುವುದಿಲ್ಲ.

ಕೈಗೆ ಹೊಂದುತ್ತದೆಯೇ ಎಂದು ನೋಡುವ ಬಗೆ ಹೀಗಿದೆ. ಖಾಲಿಯೆಂದು ಅಂಗಡಿಯವರೂ ಅವಳೂ ಕಣ್ಣಾರೆ ನೋಡಿದ ಮೇಲೆ, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಕೂರಬೇಕು. ನಳಿಗೆ ಮುಂಗೈ ಮೂಳೆಯ ನೇರಕ್ಕೇ ಇರಬೇಕು. ಆ ಹಿಡಿತವನ್ನು ಬದಲಿಸದೆ ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಟ್ರಿಗರಿನ ನಡುವಿಗೆ ಬರಬೇಕು. ತಲುಪಲೆಂದು ಅವಳು ಗನ್ನನ್ನು ಕೈಯಲ್ಲಿ ಪಕ್ಕಕ್ಕೆ ತಿರುಗಿಸಿಕೊಂಡರೆ, ಆ ಗನ್ ಅವಳಿಗೆ ದೊಡ್ಡದು. ಹಿಂಬದಿಯ ಪಟ್ಟಿ ಬದಲಿಸಿ ಹಿಡಿ ತೆಳ್ಳಗೆ ಮಾಡಿಕೊಳ್ಳುವ ಅನುಕೂಲ ಹಲವದರಲ್ಲಿ ಇದೆ, ಕೇಳಿ ನೋಡಿ.

ಇನ್ನು ಸ್ಲೈಡ್. “ನನ್ನ ಕೈಲಾಗಲ್ಲ” ಎಂದು ಬಹಳ ಹೆಂಗಸರು ಕೈಬಿಡುವುದು ಇಲ್ಲಿಯೇ. ಅರ್ಧ ಕಷ್ಟ ಶಕ್ತಿಯದಲ್ಲ, ವಿಧಾನದ್ದು. ತೋಳು ಚಾಚಿ ಎರಡು ಬೆರಳಲ್ಲಿ ಚಿವುಟಿ ಎಳೆದರೆ ಯಾರಿಗೂ ಕಷ್ಟವೇ. ಗನ್ನನ್ನು ಎದೆಯ ಹತ್ತಿರ ತಂದು, ಮೂತಿ ಗುರಿಯ ಕಡೆಗೇ ಇಟ್ಟು, ಎಡಗೈಯನ್ನು ಪೂರ್ತಿ ಸ್ಲೈಡಿನ ಹಿಂಭಾಗಕ್ಕೆ ಮೇಲಿನಿಂದ ಹಾಕಿ ಬಿಗಿಯಾಗಿ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ಜೋರಾಗಿ ತಳ್ಳಬೇಕು. ಭುಜ, ಎದೆಯ ಬಲವೆಲ್ಲ ಅದಕ್ಕೆ ಸೇರುತ್ತದೆ. ಇಲ್ಲೂ ಪುಟ್ಟ ಗನ್ನಿನದೇ ಪೇಚು. ಸ್ಲೈಡ್ ಹಗುರವಿದ್ದಷ್ಟೂ ಸ್ಪ್ರಿಂಗ್ ಬಿರುಸಾಗಿರಬೇಕಾಗುತ್ತದೆ.

ಸಂಧಿವಾತವೋ ಮಣಿಕಟ್ಟಿನ ನೋವೋ ಇದ್ದು, ವಿಧಾನ ಕಲಿತರೂ ಆಗುವುದಿಲ್ಲ ಎನ್ನುವವರಿಗೆ ಸ್ಮಿತ್ ಅಂಡ್ ವೆಸ್ಸನ್ 2018ರಲ್ಲಿ ತಂದ ಶೀಲ್ಡ್ ಇಝಡ್ .380 ಇದೆ. ಸ್ಲೈಡ್ ಸಲೀಸು, ಗುಂಡುಗಳನ್ನು ಹಾಕುವ ಮ್ಯಾಗಜೀನ್ ತುಂಬುವುದೂ ಸಲೀಸು, ತೂಕ ಅರ್ಧ ಕಿಲೊಗಿಂತ ತುಸು ಹೆಚ್ಚು. ಎರಡು ವರ್ಷದ ಮೇಲೆ ಅದರ 9 ಎಂಎಂ ಕೂಡ ಬಂತು. ಹಿಡಿಯ ಹಿಂದೆ ಒತ್ತಿ ಹಿಡಿಯಬೇಕಾದ ಸುರಕ್ಷತಾ ಪಟ್ಟಿ ಇದೆ, ಹಿಡಿತ ಸಡಿಲವಾದರೆ ಗುಂಡು ಹಾರುವುದಿಲ್ಲ. ಅದು ಅವಳಿಗೆ ಹೊಂದುತ್ತದೆಯೇ ಎಂದು ಹೊಡೆದೇ ತಿಳಿಯಬೇಕು. ವಾಲ್ಥರ್ ಕಂಪನಿಯ ಪಿಡಿಪಿ ಎಫ್ ಸರಣಿಯನ್ನು ಹೆಂಗಸರ ಕೈಯಳತೆ ನೋಡಿಯೇ ಮಾಡಿದ್ದಾರೆ, ಟ್ರಿಗರ್ ಹತ್ತಿರ, ಸ್ಲೈಡ್ ಎಳೆಯಲು ಕಡಿಮೆ ಬಲ. ತೆಳ್ಳಗಿನ ಹಿಡಿ ಬೇಕೆಂದರೆ ಗ್ಲಾಕ್ 48, ಸಿಗ್ ಪಿ365 ಎಕ್ಸ್‌ಎಲ್. ಮನೆಯಲ್ಲೇ ಇಡುವುದಾದರೆ ಗ್ಲಾಕ್ 19ರಷ್ಟು ಗಾತ್ರದ ಗನ್ ಹೆಚ್ಚಿನವರಿಗೆ ಹಿತವಾಗಿರುತ್ತದೆ. ಹಣ ಕೊಡುವ ಮುನ್ನ ಎರಡು ಮೂರನ್ನು ಬಾಡಿಗೆಗೆ ಪಡೆದು ಒಂದೊಂದರಲ್ಲೂ ಒಂದು ಪೆಟ್ಟಿಗೆ, ಅಂದರೆ 50 ಗುಂಡು, ಹೊಡೆದು ನೋಡಲಿ. ಕೊನೆಯ 10 ಗುಂಡು ಹೊಡೆಯುವಾಗ ಅವಳ ಮುಖ ನೋಡಿ, “ಇನ್ನೊಂದು ಪೆಟ್ಟಿಗೆ ತರ್ತೀರಾ?” ಎಂದು ಕೇಳಿದಳೋ, “ಸಾಕಪ್ಪಾ” ಎಂದಳೋ ಗಮನಿಸಿ. .380 ತೋಟಾ ಸಾಮಾನ್ಯವಾಗಿ 9 ಎಂಎಂಗಿಂತ ತುಟ್ಟಿ ಎಂಬುದೂ ಲೆಕ್ಕದಲ್ಲಿರಲಿ, ಏಕೆಂದರೆ ಅಭ್ಯಾಸ ನಿಂತರೆ ಗನ್ ಇದ್ದೂ ಪ್ರಯೋಜನವಿಲ್ಲ.

ಕಾಗದ ಮತ್ತು ಪೆಟ್ಟಿಗೆ

ಲೈಸೆನ್ಸ್ ಇರುವ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. 4473 ಎಂಬ ನಮೂನೆಯನ್ನು ಅವಳೇ ತುಂಬಿ ಅವಳೇ ಸಹಿ ಹಾಕಲಿ. ಗ್ರೀನ್ ಕಾರ್ಡ್, ಈಗಿನ ವಿಳಾಸವೇ ಇರುವ ಡ್ರೈವಿಂಗ್ ಲೈಸೆನ್ಸ್, ಎರಡೂ ಜೊತೆಯಲ್ಲಿರಲಿ. ಹಳೆಯ ಅಪಾರ್ಟ್‌ಮೆಂಟಿನ ವಿಳಾಸವಿದ್ದರೆ ವಾಪಸ್ ಕಳಿಸುತ್ತಾರೆ. ನಿಮ್ಮ ಹಣದಲ್ಲಿ ನಿಜವಾದ ಉಡುಗೊರೆ ಕೊಡಲು ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ ಒಬ್ಬರ ಹಣ ಪಡೆದು ಇನ್ನೊಬ್ಬರು “ನಾನೇ ಕೊಳ್ಳುವವನು” ಎಂದು ಸಹಿ ಹಾಕುವುದು ಅಪರಾಧ. ಇಬ್ಬರೂ ಅರ್ಹರಾಗಿದ್ದರೂ ಇದು ತಪ್ಪೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅಬ್ರಾಮ್ಸ್ಕಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಕಾರ್ಡು ಬಾರದ ಗೆಳೆಯನಿಗಾಗಿ ಕೊಂಡುಕೊಡುವುದಂತೂ ಕನಸಿನಲ್ಲೂ ಬೇಡ.

ಗನ್ ಕೊಂಡ ದಿನವೇ ಬೀಗದ ಪೆಟ್ಟಿಗೆಯನ್ನೂ ಕೊಳ್ಳಿ. ಸೀರೆಗಳ ಕೆಳಗೆ, ದೇವರ ಕೋಣೆಯ ಮೇಲಿನ ಅಟ್ಟದಲ್ಲಿ ಇಡುವ ಪದ್ಧತಿ ಬೇಡವೇ ಬೇಡ. ಮಕ್ಕಳಿಗೆ ಗೊತ್ತಿಲ್ಲದ ಜಾಗ ಯಾವ ಮನೆಯಲ್ಲೂ ಇಲ್ಲ. ಭದ್ರ ಮಾಡದೆ ಇಟ್ಟ ತುಂಬಿದ ಗನ್ 17 ವರ್ಷದೊಳಗಿನವರ ಕೈಗೆ ಸಿಕ್ಕರೆ ಟೆಕ್ಸಾಸ್‌ನಲ್ಲಿ ಅದೇ ಒಂದು ಅಪರಾಧ. ಬಾಣಂತನಕ್ಕೆಂದು ಊರಿನಿಂದ ಬರುವ ಅಪ್ಪ ಅಮ್ಮ, ಅತ್ತೆ ಮಾವ ಬಿ-2 ವೀಸಾದವರು, ಮೇಲೆ ಹೇಳಿದ ನಿಷೇಧ ಅವರಿಗೂ ಇದೆ. ಪೆಟ್ಟಿಗೆಯ ಸಂಖ್ಯೆ ಅವರಿಗೂ ತಿಳಿಯಬಾರದು.

ಇನ್ನೊಂದನ್ನು ಹೇಳದೆ ಇರಲಾರೆ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕೆಲಸ ಹೋಗಿ ಕುಗ್ಗಿದವರು, ಹೆರಿಗೆಯ ನಂತರ ಮನಸ್ಸು ಕಳೆಗುಂದಿದವರು, ಮಾತು ಮಾತಿಗೆ ಕೈ ಎತ್ತುವವರು ಮನೆಯಲ್ಲಿದ್ದರೆ ಆ ಮನೆಗೆ ಈಗ ಪಿಸ್ತೂಲು ಬರಬಾರದು. ಪಿಸ್ತೂಲು ಈಗಾಗಲೇ ಇದ್ದರೆ ಕಾನೂನು ಒಪ್ಪುವಂತೆ ಸ್ವಲ್ಪ ಕಾಲ ಹೊರಗೆ ಇಡಿಸಿ. ಹೆಂಡತಿಯ ಹೆಸರಿನಲ್ಲಿ ತನಗೇ ಗನ್ ಬೇಕೆನ್ನುವ ಗಂಡಸರೂ ಇದ್ದಾರೆ. ತಂಗಿಯರೇ, ನಿಮಗೆ ಹಾಗೆನಿಸಿದರೆ ಬೇಡ ಎನ್ನಲು ಹಿಂಜರಿಯಬೇಡಿ.

ರೇಂಜ್‌ಗೆಂದು ಒಂದು ಚೀಲ ಬೇರೆಯೇ ಇರಲಿ. ದಿನ ಬಳಸುವ ಹ್ಯಾಂಡ್‌ಬ್ಯಾಗಿಗೆ, ಮಗುವಿನ ಡಯಾಪರ್ ಚೀಲಕ್ಕೆ, ಊರಿಗೆ ಒಯ್ಯುವ ಟ್ರಾಲಿಗೆ ಗುಂಡು ಹಾಕಲೇಬೇಡಿ. ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮರೆತುಹೋದ ಒಂದೇ ಒಂದು ಜೀವಂತ ಗುಂಡು ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು. ಅಮೆರಿಕದಲ್ಲಿ ಅದಕ್ಕೆ ಬಿಲ್ ಇದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಪ್ರತಿ ಬ್ಯಾಗಿನ ಪ್ರತಿ ಜೇಬನ್ನೂ ತಿರುವಿಹಾಕಿ, ಅಸ್ತರಿನ ಹೊಲಿಗೆ ಬಿಟ್ಟಿದ್ದರೆ ಅದರೊಳಗೂ ಕೈಯಾಡಿಸಿ ನೋಡಿ.